ರೋಮನರ ಮುಯ್ಯಿ ಲೆಕ್ಕ

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಗಾದೆ ಕಟ್ಟಿದವರು ಮೊಳ ಹಾಕಿದವರನ್ನು ನಗೆಗೀಡುಮಾಡಿದರೇ ಹೊರತು, ಮೊಳ ಹಾಕದವರು ಊರಿನಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ವಿಚಾರಿಸಲು ಹೋಗಲಿಲ್ಲ. ಉಡುಗೊರೆ ತಂದವರ ಎದುರಿಗೆ, "ಇದೆಲ್ಲ ಯಾಕೆ ತರೋದಕ್ಕೆ ಹೋದಿರಿ?" ಎನ್ನುವುದು, ಅವರು ಬೀದಿಯ ತಿರುವು ದಾಟಿದೊಡನೆ ಪೊಟ್ಟಣವನ್ನು ತಿರುವಿಹಾಕಿ ಬೆಲೆಯ ಚೀಟಿ ಹುಡುಕುವುದು—ಇದು ಸಭ್ಯ ಸಂಸಾರಗಳ ಸನಾತನ ಪದ್ಧತಿ.

ಈ ವಿಷಯದಲ್ಲಿ ನಮ್ಮ ಭಾಷೆ ಬಲು ಜಾಣತನ ತೋರಿಸಿದೆ. ಮದುವೆಮನೆಯಲ್ಲಿ ಓದಿಸುವ ಉಡುಗೊರೆಗೂ ಮುಯ್ಯಿ ಎಂದೇ ಹೆಸರು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ ಎಂದೇ ಹೆಸರು. ಎರಡರಲ್ಲಿಯೂ ಬಂದದ್ದನ್ನು ಮರೆಯದೆ ನೆನಪಿಟ್ಟುಕೊಂಡು, ಕಾಲ ಬಂದಾಗ ಸಮನಾಗಿ ಹಿಂದಿರುಗಿಸಬೇಕು. ಮುಯ್ಯಿ ಪುಸ್ತಕದಲ್ಲಿ ಹೆಸರನ್ನೂ ಮೊತ್ತವನ್ನೂ ಬರೆದಿಡುವುದು ಪ್ರೀತಿಯ ದಾಖಲೆಗಾಗಿ ಅಲ್ಲ ಎಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ.

ದೀಪಾವಳಿ ಬಂತೆಂದರೆ ಈ ಲೆಕ್ಕ ಊರಿಗೆ ಊರನ್ನೇ ಕಾಡುತ್ತದೆ. ಯಾರಿಗೆ ಏನು ಕೊಡಬೇಕು? ಕಡಿಮೆಯಾದರೆ ಅವಮಾನ, ಹೆಚ್ಚಾದರೆ ಅವರಿಗೆ ಸಾಲ. ಕೊನೆಗೆ ಸೋನ್ ಪಾಪಡಿಯ ಒಂದು ಪೆಟ್ಟಿಗೆ ಒಂದು ಮನೆಯಿಂದ ಹೊರಟು, ಎಲ್ಲಿಯೂ ಬಿಚ್ಚಿಸಿಕೊಳ್ಳದೆ, ಹತ್ತು ಮನೆ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಇದೆಲ್ಲ ಅಂಗಡಿಗಳು ಹೆಚ್ಚಿದ ಮೇಲೆ ಬಂದ ಕಷ್ಟ, ಹಿಂದಿನವರು ನಿಶ್ಚಿಂತರಾಗಿದ್ದರು ಎಂದು ನಿಟ್ಟುಸಿರು ಬಿಡುವವರು ಹತ್ತೊಂಬತ್ತು ಶತಮಾನಗಳ ಹಿಂದಿನ ರೋಮ್ ನಗರಕ್ಕೆ ಒಮ್ಮೆ ಹೋಗಿಬರುವುದು ಒಳ್ಳೆಯದು.

ಅಲ್ಲಿ ಡಿಸೆಂಬರ್ 17ರಂದು ಸ್ಯಾಟರ್ನೇಲಿಯ ಎಂಬ ಹಬ್ಬ ಮೊದಲಾಗುತ್ತಿತ್ತು. ಸ್ಯಾಟರ್ನ್ ದೇವನ ಹಬ್ಬ. ನಾವು ಶನಿ ಎಂದು ಕರೆದು, ಎಳ್ಳೆಣ್ಣೆಯ ದೀಪ ಹಚ್ಚಿ, ದೂರದಿಂದ ಕೈಮುಗಿಯುವ ಗ್ರಹಕ್ಕೆ ಪಶ್ಚಿಮದವರು ಇಟ್ಟಿರುವ ಹೆಸರು ಈ ದೇವನದೇ. ಆದರೆ ರೋಮನರ ಸ್ಯಾಟರ್ನ್ ಕಾಟದ ದೇವತೆಯಲ್ಲ. ಬಿತ್ತನೆಯ ದೇವತೆ, ಯಜಮಾನ-ಗುಲಾಮ ಎಂಬ ಭೇದವೇ ಇಲ್ಲದಿದ್ದ ಒಂದು ಸುವರ್ಣಯುಗದ ಅರಸ. ಒಂದು ದಿನದ ಹಬ್ಬ ಕ್ರಮೇಣ ಬೆಳೆದು ಏಳು ದಿನಗಳಷ್ಟಾಯಿತು. ನ್ಯಾಯಾಲಯಗಳಿಗೆ ರಜ, ಶಾಲೆಗಳಿಗೆ ರಜ. ಗಂಭೀರ ಪುರುಷರು ತೊಡಕಿನ ಟೋಗಾ ಉಡುಪನ್ನು ಕಳಚಿಟ್ಟು, ಬಿಡುಗಡೆ ಪಡೆದ ಗುಲಾಮರು ತೊಡುವ ಟೊಪ್ಪಿಗೆಯನ್ನು ತಾವೂ ತೊಡುತ್ತಿದ್ದರು. ಬೇರೆ ದಿನಗಳಲ್ಲಿ ನಿಷೇಧವಾಗಿದ್ದ ದಾಳದ ಜೂಜು ಆಗ ರಾಜಾರೋಷವಾಗಿ ನಡೆಯುತ್ತಿತ್ತು. ಮನೆಯ ಗುಲಾಮರು ಯಜಮಾನನ ಸಮಕ್ಕೆ ಕುಳಿತು ಉಣ್ಣುತ್ತಿದ್ದರು. ಕೆಲವು ಮನೆಗಳಲ್ಲಿ ಯಜಮಾನನೇ ಬಡಿಸುತ್ತಿದ್ದ. ತತ್ತ್ವಜ್ಞಾನಿ ಸೆನೆಕ ತನ್ನ ಪತ್ರವೊಂದರಲ್ಲಿ, ಒಂದು ತಿಂಗಳಾಗಿದ್ದ ಡಿಸೆಂಬರ್ ಈಗ ವರ್ಷವಿಡೀ ನಡೆಯುತ್ತಿದೆ ಎಂಬ ಗೊಣಗಾಟವನ್ನು ದಾಖಲೆ ಮಾಡಿದ್ದಾನೆ. ಗಣೇಶನ ಹಬ್ಬಕ್ಕೆ ಮೊದಲೇ ದೀಪಾವಳಿಯ ರಿಯಾಯಿತಿ ಮಾರಾಟದ ಜಾಹೀರಾತು ನೋಡುವ ನಮಗೆ ಆ ಗೊಣಗಾಟ ಅಪರಿಚಿತವಲ್ಲ.

ಹಬ್ಬವೆಂದ ಮೇಲೆ ಉಡುಗೊರೆ ಇರಲೇಬೇಕಲ್ಲ. ಮೊದಮೊದಲು ಮೇಣದ ಬತ್ತಿ, ಮಣ್ಣಿನ ಪುಟ್ಟ ಬೊಂಬೆ ಇಷ್ಟೇ. ಆ ಬೊಂಬೆಗಳಿಗಾಗಿ ಹಬ್ಬದ ಕೊನೆಯಲ್ಲಿ ಸಿಗಿಲ್ಲೇರಿಯ ಎಂಬ ಸಂತೆಯೇ ನೆರೆಯುತ್ತಿತ್ತು. ಹೀಗೆ ಬತ್ತಿ-ಬೊಂಬೆಗಳಿಂದ ಆರಂಭವಾದ ಆಚಾರ ಸಾಮ್ರಾಜ್ಯದೊಂದಿಗೆ ತಾನೂ ಬೆಳೆಯಿತು. ಬೆಳೆದಂತೆ ಏನು ಕೊಡುವುದು ಎಂಬ ಚಿಂತೆಯೂ ಬೆಳೆಯಿತು. ಆ ಚಿಂತೆಯಿಂದ ನಾಲ್ಕು ಕಾಸು ಸಂಪಾದಿಸಬಹುದೆಂದು ಹೊಳೆದದ್ದು ವ್ಯಾಪಾರಿಗಲ್ಲ, ಒಬ್ಬ ಕವಿಗೆ!

ಆತನ ಹೆಸರು ಮಾರ್ಷಿಯಲ್. ಸ್ಪೇನಿನ ಬಿಲ್ಬಿಲಿಸ್ ಎಂಬ ಊರಿನವನು, ಕ್ರಿ. ಶ. 64ರ ಸುಮಾರಿಗೆ ರೋಮಿಗೆ ಬಂದು, ಶ್ರೀಮಂತರ ಬಾಗಿಲು ಕಾಯುತ್ತ, ಅವರ ಬಗೆಗೇ ಚುಟುಕಗಳನ್ನು ಬರೆದು ಬದುಕಿದವನು. 80ರ ದಶಕದಲ್ಲಿ ಅವನು ಎರಡು ಪುಟ್ಟ ಪುಸ್ತಕಗಳನ್ನು ಹೊರತಂದ. ಒಂದರ ಹೆಸರು ಕ್ಸೇನಿಯ, ಎಂದರೆ ಅತಿಥಿಗೆ ಕೊಡುವಂಥವು. ಬಹುಪಾಲು ತಿನ್ನುವ, ಕುಡಿಯುವ ಪದಾರ್ಥಗಳು. ಇನ್ನೊಂದರ ಹೆಸರು ಅಪೊಫೊರೇಟ, ಎಂದರೆ ಔತಣ ಮುಗಿಸಿ ಮನೆಗೆ ಒಯ್ಯುವಂಥವು. ನಮ್ಮ ತಾಂಬೂಲದ ಚೀಲದ ಜಾತಿ. ಒಂದೊಂದು ವಸ್ತುವಿಗೆ ಸಾಮಾನ್ಯವಾಗಿ ಎರಡು ಸಾಲಿನ ಒಂದು ಪದ್ಯ, ಮೇಲೆ ವಸ್ತುವಿನ ಹೆಸರು. ವಸ್ತುವಿನೊಡನೆ ಪದ್ಯವನ್ನು ನಕಲು ಮಾಡಿ ಕಳಿಸಿದರೆ ಕೊಟ್ಟವನು ರಸಿಕನೆನಿಸಿಕೊಳ್ಳುತ್ತಿದ್ದ. ಪುಸ್ತಕದ ಬೆಲೆ ನಾಲ್ಕು ಸೆಸ್ಟರ್ಸ್; ಎರಡಕ್ಕೆ ಮಾರಿದರೂ ಪುಸ್ತಕದಂಗಡಿಯ ಟ್ರಿಫಾನನಿಗೆ ಲಾಭವೇ ಎಂದು ಕವಿ ಮೊದಲಿಗೇ ಗುಟ್ಟು ರಟ್ಟುಮಾಡಿದ್ದಾನೆ. ತನ್ನ ಹಾಗೆ ಕೈಯಲ್ಲಿ ಕಾಸಿಲ್ಲದವರು ವಸ್ತುವನ್ನು ಬಿಟ್ಟು ಬರಿಯ ಪದ್ಯವನ್ನೇ ಕಳಿಸಬಹುದೆಂಬ ಸಲಹೆಯೂ ಅಲ್ಲಿದೆ. ಉಡುಗೊರೆಯ ವಿಷಯದಲ್ಲಿ ಇದಕ್ಕಿಂತ ಅಗ್ಗದ ಸಲಹೆಯನ್ನು ಕೊಟ್ಟವರಿಲ್ಲ.

ಎರಡನೆಯ ಪುಸ್ತಕವನ್ನು ಅವನು ಜೋಡಿಸಿದ ರೀತಿ ಇನ್ನೂ ಸ್ವಾರಸ್ಯ: ಸಾಹುಕಾರನ ಉಡುಗೊರೆ ಒಂದು, ಬಡವನ ಉಡುಗೊರೆ ಒಂದು, ಹೀಗೆ ಸರತಿಯ ಮೇಲೆ. ಬರೆಯುವ ಹಲಗೆ, ಹಲ್ಲುಕಡ್ಡಿ, ಕಿವಿ ತೋಡುವ ಕಡ್ಡಿ, ಬಾಚಣಿಗೆ, ಛತ್ರಿ, ಪೊರಕೆ, ಬೆನ್ನು ತುರಿಸಿಕೊಳ್ಳುವ ಕೈ, ಗಿಳಿ, ದೀಪ—ಎಲ್ಲಕ್ಕೂ ಅಲ್ಲಿ ಸ್ಥಾನವಿದೆ. ಸುರುಳಿಯ ಹೊರೆಯಿಲ್ಲದೆ ಚರ್ಮದ ಹಾಳೆಯಲ್ಲಿ ಅಡಕವಾಗಿ ಬರೆದ ವರ್ಜಿಲ್, ಸಿಸೆರೊ, ಲಿವಿಯ ಗ್ರಂಥಗಳೂ ಇವೆ. ಸಾಹಿತ್ಯಪ್ರಿಯರು ಇಷ್ಟಕ್ಕೇ ಹಿಗ್ಗಬಾರದು. ಪುಸ್ತಕದ ಉಡುಗೊರೆಯೂ ಅಪಾಯಕ್ಕೆ ಹೊರತಲ್ಲವೆಂದು ಅದಕ್ಕೆ ನೂರೈವತ್ತು ವರ್ಷ ಮೊದಲೇ ಸಿದ್ಧವಾಗಿತ್ತು. ಕೆಟಲಸ್ ಎಂಬ ಕವಿಗೆ ಅವನ ಗೆಳೆಯ ಕ್ಯಾಲ್ವಸ್ ಇದೇ ಹಬ್ಬಕ್ಕೆ ಹುಡುಕಿ ಹುಡುಕಿ ಅತ್ಯಂತ ಕೆಟ್ಟ ಕವಿಗಳ ಸಂಕಲನವೊಂದನ್ನು ಕಳಿಸಿದ. ಬೆಳಗಾಗಲಿ, ಪುಸ್ತಕದಂಗಡಿಗಳಿಗೆ ಓಡಿ ಇನ್ನೂ ಕೆಟ್ಟವರನ್ನೆಲ್ಲ ಕಲೆಹಾಕಿ ನಿನಗೆ ಕಳಿಸುತ್ತೇನೆಂದು ಕೆಟಲಸ್ ಪದ್ಯದಲ್ಲಿಯೇ ಬೆದರಿಸಿದ್ದಾನೆ. ಮುಯ್ಯಿ ಎಂಬ ಶಬ್ದದ ಎರಡು ಅರ್ಥಗಳೂ ಇಷ್ಟು ಚೆನ್ನಾಗಿ ಕೂಡಿದ ಸಂದರ್ಭ ಇನ್ನೊಂದು ದೊರೆಯುವುದು ಕಷ್ಟ.

ಚಕ್ರವರ್ತಿಗಳಿಗೂ ಈ ಪೀಡೆ ತಪ್ಪಿರಲಿಲ್ಲ. ಅವರ ಚರಿತ್ರೆಗಳನ್ನು ಬರೆದ ಸ್ವೆಟೋನಿಯಸ್ ಹೇಳುವಂತೆ, ಆಗಸ್ಟಸ್ ಕೆಲವೊಮ್ಮೆ ಚಿನ್ನ, ಬೆಳ್ಳಿ, ಬಟ್ಟೆಗಳನ್ನು ಕೊಡುತ್ತಿದ್ದ. ಕೆಲವೊಮ್ಮೆ ಒಗಟಿನಂಥ ಹೆಸರು ಬರೆದಂಟಿಸಿ ಮೇಕೆಕೂದಲಿನ ಬಟ್ಟೆ, ಸ್ಪಂಜು, ಒಲೆ ಕೆದಕುವ ಸಲಾಕೆ, ಇಕ್ಕಳಗಳನ್ನು ಹಂಚುತ್ತಿದ್ದ. ಚಕ್ರವರ್ತಿ ಕೊಟ್ಟ ಇಕ್ಕಳವನ್ನು ನೋಡಿ ನಗದಿರುವ ಧೈರ್ಯ ಯಾರಿಗಿದ್ದೀತು! ಜನವರಿ ಒಂದರಂದು ಪ್ರಜೆಗಳು ಅವನಿಗೆ ಕಾಣಿಕೆ ತರುತ್ತಿದ್ದರು; ಆ ಹಣದಿಂದ ಅವನು ದೇವರ ವಿಗ್ರಹಗಳನ್ನು ಕೊಂಡು ಕೇರಿಕೇರಿಗಳಲ್ಲಿ ನಿಲ್ಲಿಸಿದ. ಅವನ ನಂತರ ಬಂದ ಟೈಬೀರಿಯಸ್ ಬಂದ ಕಾಣಿಕೆಗೆ ನಾಲ್ಕರಷ್ಟು ಹಿಂದಕ್ಕೆ ಕೊಡುತ್ತಿದ್ದನಂತೆ. ಸುದ್ದಿ ಹಬ್ಬಿ, ತಿಂಗಳಿಡೀ ಜನ ಬಾಗಿಲು ತಟ್ಟತೊಡಗಿದಾಗ ಬೇಸತ್ತು ಆ ಪದ್ಧತಿಯನ್ನೇ ಕೈಬಿಟ್ಟ. ಜನವರಿ ಒಂದು ಕಳೆದ ಮೇಲೆ ಕಾಣಿಕೆ ಕೂಡದೆಂದು ಆಜ್ಞೆಯನ್ನೂ ಹೊರಡಿಸಿದ. ಕಲಿಗುಲ ಇವರಿಬ್ಬರಿಗಿಂತ ನೇರ ಮನುಷ್ಯ. ಕಾಣಿಕೆ ಸ್ವೀಕರಿಸುವುದಾಗಿ ತಾನೇ ಸಾರಿ, ಅರಮನೆಯ ಬಾಗಿಲಲ್ಲಿ ನಿಂತು, ಜನ ತಂದು ಸುರಿದ ನಾಣ್ಯಗಳನ್ನು ತೆಗೆದುಕೊಂಡ.

ಇತ್ತ ಮಾರ್ಷಿಯಲ್‌ನಂಥ ಸಾಮಾನ್ಯರು ತಮಗೆ ಬಂದದ್ದನ್ನು ತಕ್ಕಡಿಯಲ್ಲಿಟ್ಟು ತೂಗುತ್ತಿದ್ದರು. ಅವನ ಪೋಷಕನೊಬ್ಬ ಮೊದಲ ವರ್ಷ ನಾಲ್ಕು ಪೌಂಡು ಬೆಳ್ಳಿ ಕಳಿಸಿದ. ಎರಡನೆಯ ವರ್ಷ ಎರಡು ಪೌಂಡು. ಹೀಗೆ ವರುಷ ವರುಷ ಕರಗುತ್ತ ಎಂಟನೆಯ ವರ್ಷ ಬಂದದ್ದು ಒಂದು ಹಗುರ ಚಮಚ, ಒಂಬತ್ತನೆಯ ವರ್ಷ ಸೂಜಿಗಿಂತಲೂ ಹಗುರವಾದ ಇನ್ನೊಂದು ಚಮಚ. ಹತ್ತನೆಯ ವರ್ಷಕ್ಕೆ ಇನ್ನು ಇಳಿಯಲು ಏನೂ ಉಳಿದಿಲ್ಲವಾದ್ದರಿಂದ ಮತ್ತೆ ನಾಲ್ಕು ಪೌಂಡಿನಿಂದ ಆರಂಭಿಸೋಣವೆಂದು ಕವಿ ಸೂಚಿಸುತ್ತಾನೆ.

ಇನ್ನೊಬ್ಬ ಮಿತ್ರ, ಸೆಕ್ಸ್ಟಸ್, ವರ್ಷವೂ ಒಂದು ಪೌಂಡು ಬೆಳ್ಳಿ ಕಳಿಸುತ್ತಿದ್ದವನು ಒಮ್ಮೆ ಅರ್ಧ ಪೌಂಡಿಗೆ ಇಳಿದ; ಅದೂ ಬೆಳ್ಳಿಯಲ್ಲ, ಕರಿಮೆಣಸು! ಮೆಣಸಿಗೆ ಇಷ್ಟೊಂದು ಬೆಲೆ ತೆರಲು ನನಗಾಗದು ಎಂದು ಮಾರ್ಷಿಯಲ್ ಸಿಡುಕಿದ್ದಾನೆ. ಅವನ ಸಿಡುಕಿನಲ್ಲಿ ಲೆಕ್ಕದ ಆಧಾರವಿದೆ. ಹಿರಿಯ ಪ್ಲಿನಿ ತನ್ನ ಗ್ರಂಥದಲ್ಲಿ ಕರಿಮೆಣಸಿನ ಬೆಲೆ ಪೌಂಡಿಗೆ ನಾಲ್ಕು ದೀನಾರಿಯಸ್ ಎಂದು ಬರೆದಿದ್ದಾನೆ. ನೀರೋ ಕಾಲದ ಟಂಕಸಾಲೆಯ ಲೆಕ್ಕದಂತೆ ಒಂದು ಪೌಂಡು ತೂಕಕ್ಕೆ 96 ದೀನಾರಿಯಸ್. ಎಂದರೆ 96ರ ಜಾಗದಲ್ಲಿ ಕವಿಗೆ ಬಂದದ್ದು ಎರಡು.

ಈ ಮೆಣಸು ಹೋದದ್ದು ನಮ್ಮ ಪಶ್ಚಿಮ ಕರಾವಳಿಯಿಂದ, ಕೇರಳದ ಮುಸಿರಿಸ್ ಮೊದಲಾದ ಬಂದರುಗಳಿಂದ. ಅದಕ್ಕೆ ಪ್ರತಿಯಾಗಿ ಬೆಳ್ಳಿಬಂಗಾರದ ನಾಣ್ಯ ಹಡಗು ಹಡಗಾಗಿ ಇತ್ತ ಬರುತ್ತಿತ್ತು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹೀರುತ್ತಿದೆ ಎಂದು ಪ್ಲಿನಿ ಗೋಳಾಡಿದ್ದಾನೆ. ಆ ಕಾಲದ ನಾಣ್ಯಗಳು ಕನ್ನಡನಾಡಿನ ಒಳಭಾಗದವರೆಗೂ ಹರಿದುಬಂದವು: ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿದೆ, ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಯೇ ದೊರೆಯಿತು. ರೋಮಿನ ಕವಿಗೆ ಬೆಳ್ಳಿ ಹೋಗಿ ಮೆಣಸು ಬಂತು. ಇಲ್ಲಿಯ ವ್ಯಾಪಾರಿಗೆ ಮೆಣಸು ಹೋಗಿ ಬೆಳ್ಳಿ ಬಂತು. ಈ ಮುಯ್ಯಿಯಲ್ಲಿ ಗೆದ್ದವರು ಯಾರೆಂದು ಹೇಳಬೇಕಾಗಿಲ್ಲ.

ಹೀಗೆ ಪ್ರತಿಯೊಂದನ್ನೂ ತೂಗಿದ ಮಾರ್ಷಿಯಲ್ ಒಂದು ಸಾರಿ ಮಾತ್ರ ತಕ್ಕಡಿಯನ್ನು ಬದಿಗಿಟ್ಟು ಮಾತನಾಡಿದ್ದಾನೆ. ಹಬ್ಬಕ್ಕೆ ಗೆಳೆಯನೊಬ್ಬನಿಗೆ ತನ್ನ ಪುಸ್ತಕಗಳನ್ನಲ್ಲದೆ ಬೇರೇನನ್ನೂ ಕಳಿಸದಿರುವುದಕ್ಕೆ ಅವನು ಕೊಡುವ ಕಾರಣ: ಉಡುಗೊರೆಗಳು ಗಾಳದ ಕೊಕ್ಕೆಯಿದ್ದಂತೆ, ಮೀನು ಮೋಸಹೋಗುವುದು ಎರೆಯಿಂದಲೇ. ಆದ್ದರಿಂದ ಶ್ರೀಮಂತ ಗೆಳೆಯನಿಗೆ ಬಡವ ಏನನ್ನೂ ಕೊಡದಿದ್ದರೆ ಅದೇ ಅವನ ಔದಾರ್ಯ. ಸಣ್ಣದು ಕೊಟ್ಟು ದೊಡ್ಡದನ್ನು ಎಳೆಯುವ ವಿದ್ಯೆಯನ್ನು ಬಲ್ಲವರಿಗೆ ಈ ಮಾತು ನಾಟೀತು.

ಆದರೆ ಅವನ ಪಟ್ಟಿಯ ಕೊನೆಯ ಭಾಗಕ್ಕೆ ಬಂದಾಗ ನಗೆ ತಾನಾಗಿಯೇ ನಿಂತುಹೋಗುತ್ತದೆ. ಪೊರಕೆ, ಗಿಳಿ, ಗ್ರಂಥಗಳಾದ ಮೇಲೆ ಅಲ್ಲಿ ಬರುವ ಉಡುಗೊರೆಗಳು ಮನುಷ್ಯರು: ಶೀಘ್ರಲಿಪಿ ಬರೆಯುವ ಗುಲಾಮ, ಅಡಿಗೆಯವನು, ಮಿಠಾಯಿ ಮಾಡುವವನು, ಕುಳ್ಳ, ನಗಿಸಲು ಒಬ್ಬ ಪೆದ್ದ. ಇವರಿಗೂ ಎರಡೆರಡು ಸಾಲಿನ ಪದ್ಯ. ಯಜಮಾನನ ಪಕ್ಕದಲ್ಲಿ ಗುಲಾಮನನ್ನು ಕೂರಿಸಿ ಉಣ್ಣಿಸುವ ಹಬ್ಬದಲ್ಲಿಯೇ ಅವನನ್ನು ಮಣೆಯಿಂದ ಎಬ್ಬಿಸಿ ಇನ್ನೊಬ್ಬರ ಮನೆಗೆ ಕೊಟ್ಟು ಕಳಿಸಬಹುದಾಗಿತ್ತು. ಗುಲಾಮರೂ ಮನುಷ್ಯರೇ, ಅವರೊಡನೆ ಕುಳಿತು ಉಣ್ಣುವುದರಲ್ಲಿ ನಾಚಿಕೆಯೇನು ಎಂದು ಸೆನೆಕ ಬರೆದದ್ದು ಇದಕ್ಕೆ ಇಪ್ಪತ್ತು ವರ್ಷ ಹಿಂದೆ. ಓದಿ ತಲೆದೂಗಿದವರು ಬಹಳ ಮಂದಿ ಇದ್ದಿರಬೇಕು. ಪಟ್ಟಿ ಮಾತ್ರ ಬದಲಾಗಲಿಲ್ಲ.

ಮಾರ್ಷಿಯಲ್‌ನ ಇನ್ನೊಂದು ಪದ್ಯವನ್ನೂ ಇದರೊಡನೆ ಓದಬೇಕು. ಅಂಬರ್ ಎಂಬ ಗೃಹಸ್ಥ ಹಬ್ಬದ ಐದು ದಿನಗಳಲ್ಲಿ ತನಗೆ ಬಂದದ್ದನ್ನೆಲ್ಲ ಗುಡ್ಡೆಹಾಕಿ ಕವಿಗೆ ಸಾಗಹಾಕಿದ: ಬರೆಯುವ ಹಲಗೆಗಳು, ಏಳು ಹಲ್ಲುಕಡ್ಡಿ, ಸ್ಪಂಜು, ಕೈವಸ್ತ್ರ, ಬಟ್ಟಲು, ಅವರೆಯಂಥ ಕಾಳು, ಆಲಿವ್ ಬುಟ್ಟಿ, ಅಂಜೂರ. ಸೋನ್ ಪಾಪಡಿಯ ಪೂರ್ವಜರನ್ನು ಇಲ್ಲಿ ಕಾಣಬಹುದು. ಎಲ್ಲ ಸೇರಿ 30 ಸೆಸ್ಟರ್ಸ್ ಬಾಳದ ಈ ಸಾಮಾನನ್ನು ಹೊತ್ತು ತಂದವರು ಸಿರಿಯಾ ದೇಶದ ಎಂಟು ಮಂದಿ ದಾಂಡಿಗರು. ಇದರ ಬದಲು ಐದು ಪೌಂಡು ಬೆಳ್ಳಿಯಾಗಿದ್ದರೆ ಒಬ್ಬ ಹುಡುಗ ಸಾಕಾಗುತ್ತಿದ್ದ ಎಂಬುದು ಕವಿಯ ಚಟಾಕಿ. ಬೆಳ್ಳಿಯ ತೂಕ ಅವನಿಗೆ ಗೊತ್ತು, ಕಾಳಿನ ಅಳತೆ ಗೊತ್ತು. ಹೊತ್ತು ತಂದವರ ಹೆಗಲನ್ನು ಅವನು ಲೆಕ್ಕಕ್ಕೆ ತಂದದ್ದು ಬರಿಯ ನಗೆಗಾಗಿ.

ಹಬ್ಬದ ಖರೀದಿಗೆ ಹೊರಡುವ ವಾಚಕರಿಗೆ ಮಾರ್ಷಿಯಲ್‌ನಿಂದ ಕಲಿಯುವ ವ್ಯವಹಾರಜ್ಞಾನ ಇಷ್ಟು: ಮೊದಲ ವರ್ಷವೇ ನಾಲ್ಕು ಪೌಂಡು ಬೆಳ್ಳಿ ಕೊಡಬೇಡಿ, ಮುಂದಿನ ಒಂಬತ್ತು ವರ್ಷ ಬೈಸಿಕೊಳ್ಳಬೇಕಾಗುತ್ತದೆ. ಬಂದದ್ದನ್ನು ಸಾಗಹಾಕುವಾಗ ಕಳಿಸಿದವರ ಹೆಸರಿನ ಚೀಟಿಯನ್ನು ಕಿತ್ತುಹಾಕಲು ಮರೆಯಬೇಡಿ. ಕವಿಗಳಿಗೆ ಕೆಟ್ಟ ಕವನಸಂಗ್ರಹ ಕೊಡಬೇಡಿ. ಅವರಲ್ಲಿ ಅದರ ದಾಸ್ತಾನು ಮೊದಲೇ ಸಾಕಷ್ಟಿರುತ್ತದೆ. ಉಳಿದ ಮಾತು ಅವನು ಹೇಳದೆ ಬಿಟ್ಟದ್ದು. ಈಗ ಉಡುಗೊರೆಯ ಪೆಟ್ಟಿಗೆಗಳನ್ನು ಬೆನ್ನಿಗೇರಿಸಿಕೊಂಡು, ವಿಳಾಸ ಹುಡುಕುತ್ತ, ಲಿಫ್ಟ್ ಇಲ್ಲದ ಮೂರು ಮಹಡಿ ಹತ್ತಿ ಬರುವ ಹುಡುಗ ಗುಲಾಮನಲ್ಲ, ಸಂಬಳಕ್ಕೆ ದುಡಿಯುವವನು. ಆದರೂ ಹಬ್ಬದ ದಿನ ಎಲ್ಲರ ಮನೆಗೂ ಬಂದು ಯಾರ ಮನೆಯಲ್ಲಿಯೂ ಕೂರದೆ ಹೋಗುವವನು ಅವನೊಬ್ಬನೇ. ಪೆಟ್ಟಿಗೆಯನ್ನು ಇಸಿದುಕೊಂಡು ಬೆಲೆಚೀಟಿ ಹುಡುಕುವ ಮೊದಲು ಅವನ ಕೈಗೆ ಒಂದು ಲೋಟ ನೀರನ್ನೂ ಎರಡು ಕಜ್ಜಾಯವನ್ನೂ ಕೊಡಿ. ಆ ಕಜ್ಜಾಯವನ್ನು ಯಾರೂ ಮುಯ್ಯಿ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.