ಡೋಲಿಗೂ ಹೆದರಿದ ಸರ್ಕಾರ

ಬೆಳಗಿನ ಜಾವ ನಾಲ್ಕು ಗಂಟೆ. ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪ, ರಾಜಧಾನಿ ಪೋರ್ಟ್ ಆಫ್ ಸ್ಪೇನ್. ಕತ್ತಲಲ್ಲಿ ಬೀದಿಬದಿ ನಿಂತಿದ್ದೆ. ಯಾರೋ ಹಿಂದಿನಿಂದ ಬಂದು ಒಂದು ಬೊಗಸೆ ಕೆಸರನ್ನ ನನ್ನ ಬೆನ್ನಿಗೆ ಬಳಿದು, ನಗ್ತಾ ಹೋದರು. ತಿರುಗಿ ನೋಡಿದರೆ ಬೀದಿ ತುಂಬಾ ಜನ. ಮೈಗೆಲ್ಲ ಕೆಸರು, ಬಣ್ಣ, ಎಣ್ಣೆ. ತಲೆಗೆ ಕೊಂಬು ಕಟ್ಟಿಕೊಂಡ ದೆವ್ವದ ವೇಷಗಳು. ಕಾರ್ನಿವಲ್ ಸೋಮವಾರದ ಈ ಆಟಕ್ಕೆ 'ಜೂವೇ' ಅಂತಾರೆ. ಫ್ರೆಂಚ್ ಮೂಲದ ಮಾತು, ಬೆಳಕು ಹರಿಯಿತು ಅನ್ನೋ ಅರ್ಥ.

ನಾವು ಟಿವಿಯಲ್ಲಿ ತೋರಿಸೋ ಕಾರ್ನಿವಲ್ ಬೇರೆ. ಗರಿ, ಮಿನುಗು, ಕುಣಿಯೋ ಹುಡುಗಿಯರು, ಹದಿನೈದು ಸೆಕೆಂಡು, ಮುಗೀತು. ನಾನೂ ಹಾಗೇ ತೋರಿಸಿದವನು, ಒಪ್ಪಿಕೊಳ್ತೀನಿ. ಆದರೆ ಈ ಕೆಸರಿಗೆ ಒಂದು ಚರಿತ್ರೆ ಇದೆ.

1783ರಲ್ಲಿ ಸ್ಪೇನ್ ದೊರೆ ಕ್ಯಾಥೊಲಿಕ್ ಜಮೀನ್ದಾರರನ್ನ ಈ ದ್ವೀಪಕ್ಕೆ ಕರೆದ. ಫ್ರೆಂಚರು ಬಂದರು, ಜೊತೆಗೆ ಗುಲಾಮರನ್ನೂ ತಂದರು. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗೋ ಮೊದಲು ಬಂಗಲೆಗಳಲ್ಲಿ ವೇಷದ ಕುಣಿತ. ಆಗ ಧಣಿಗಳು ಯಾವ ವೇಷ ಹಾಕ್ತಿದ್ದರು ಗೊತ್ತಾ? ಹೊಲದ ಗುಲಾಮರ ವೇಷ! ಕಬ್ಬಿನ ಗದ್ದೆಗೆ ಬೆಂಕಿ ಬಿದ್ದಾಗ ಗುಲಾಮರನ್ನ ರಾತ್ರೋರಾತ್ರಿ ಪಂಜು ಕೊಟ್ಟು, ಡೋಲು ಬಡಿದು ಅಟ್ಟಿಕೊಂಡು ಹೋಗ್ತಿದ್ದರಲ್ಲ, ಅದನ್ನೇ ಧಣಿಗಳು ತಮಾಷೆಗೆ ಆಡ್ತಿದ್ದರು.

1838ರಲ್ಲಿ ಗುಲಾಮರಿಗೆ ಪೂರ್ತಿ ಬಿಡುಗಡೆ ಸಿಕ್ಕಿತು. ಅವರು ಆ ಆಟವನ್ನ ತಮ್ಮ ಕೈಗೆ ತಗೊಂಡರು. ತಮ್ಮದೇ ನೋವನ್ನ ತಾವೇ ಬೀದಿಗೆ ತಂದರು: ಪಂಜು, ಡೋಲು, ಕೋಲು. ಹೆಸರು 'ಕ್ಯಾನ್‌ಬುಲೇ', ಅಂದರೆ ಸುಟ್ಟ ಕಬ್ಬು. ಬ್ರಿಟಿಷ್ ಆಡಳಿತಕ್ಕೆ ಇದು ಸಹಿಸಲಿಲ್ಲ. 1881ರಲ್ಲಿ ಪೊಲೀಸ್ ಮುಖ್ಯಸ್ಥ ಕ್ಯಾಪ್ಟನ್ ಬೇಕರ್ ಮೆರವಣಿಗೆ ತಡೆಯೋಕೆ ಹೊರಟ. ಜನ ತಿರುಗಿಬಿದ್ದರು, ರಾತ್ರಿಯೆಲ್ಲ ಹೊಡೆದಾಟ. ಕೊನೆಗೆ ಗವರ್ನರ್ ಫ್ರೀಲಿಂಗ್ ಬಂದು ಜನರೆದುರು ನಿಂತು, ಪೊಲೀಸರನ್ನ ಬ್ಯಾರಕ್ಕಿನೊಳಗೇ ಇಡಬೇಕಾಯ್ತು. ಮೂರು ವರ್ಷ ಕಾದ ಸರ್ಕಾರ 1884ರಲ್ಲಿ ಕಾನೂನು ತಂದು ಡೋಲನ್ನೂ ಪಂಜನ್ನೂ ಕೋಲು ಹಿಡಿದ ಗುಂಪನ್ನೂ ನಿಷೇಧಿಸಿತು.

ಈಗ ನಮಗೆ ತಟ್ಟಬೇಕಾದ ಭಾಗ. 1845ರಿಂದ 1917ರವರೆಗೆ ಸುಮಾರು 1.4 ಲಕ್ಷ ಭಾರತೀಯರು ಕರಾರಿನ ಕೂಲಿಗಳಾಗಿ ಈ ದ್ವೀಪಕ್ಕೆ ಹೋದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದವರು. ಮದ್ರಾಸ್ ಬಂದರಿನಲ್ಲಿ ಹಡಗು ಹತ್ತಿದವರೂ ಇದ್ದರು. ಅವರು ನಡೆಸ್ತಿದ್ದ ಮೊಹರಂಗೆ ಅಲ್ಲಿ 'ಹೋಸೆ' ಅಂತ ಹೆಸರು. ನಮ್ಮ ಉತ್ತರ ಕರ್ನಾಟಕದ ಹಾಗೇ ಹಿಂದೂಗಳೂ ಸೇರ್ತಿದ್ದರು. ಅದೇ 1884ರಲ್ಲಿ ಈ ಮೆರವಣಿಗೆ ಪಟ್ಟಣದೊಳಗೆ ಬರಬಾರದು ಅಂತ ಆದೇಶ ಬಂತು. ಜನ ಬಂದರು. ಅಕ್ಟೋಬರ್ 30ರಂದು ಸ್ಯಾನ್ ಫರ್ನಾಂಡೊ ಪಟ್ಟಣದ ಅಂಚಿನಲ್ಲಿ ಗುಂಡು ಹಾರಿತು. ಕನಿಷ್ಠ 16 ಜನ ಸತ್ತರು. ಅಲ್ಲ ಸ್ವಾಮಿ, ಜಲಿಯನ್‌ವಾಲಾಬಾಗ್‌ಗಿಂತ 35 ವರ್ಷ ಮೊದಲು! ನಮ್ಮ ಯಾವ ಶಾಲೆಯ ಪಾಠದಲ್ಲಿ ನೀವು ಇದನ್ನ ಓದಿದ್ದೀರಿ?

ಇತ್ತ ಡೋಲು ಕಳಕೊಂಡವರು ಬಿದಿರು ಕಡಿದರು. ಉದ್ದ, ಗಿಡ್ಡ ತುಂಡುಗಳನ್ನ ನೆಲಕ್ಕೆ ಕುಟ್ಟಿ ತಾಳ ಹುಟ್ಟಿಸಿದರು. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬ, ಕಸದ ಡಬ್ಬದ ಮುಚ್ಚಳ ಬಂದವು. ಆಮೇಲೆ ಎಣ್ಣೆಯ ಪೀಪಾಯಿ. ಟ್ರಿನಿಡಾಡ್ ಎಣ್ಣೆಯ ನಾಡು, ಪೀಪಾಯಿಗೇನು ಬರ? ಅದರ ತಳವನ್ನ ಸುತ್ತಿಗೆಯಿಂದ ಬಡಿದು ಬಟ್ಟಲಿನ ಹಾಗೆ ತಗ್ಗಿಸಿ, ಬೆಂಕಿಗೆ ಹಿಡಿದು, ಒಂದೊಂದು ಸ್ವರಕ್ಕೆ ಒಂದೊಂದು ಜಾಗ ಕೂರಿಸ್ತಾರೆ. ಅದೇ ಸ್ಟೀಲ್‌ಪ್ಯಾನ್. ಶುರುವಿನಲ್ಲಿ ಇದನ್ನ ಬಾರಿಸೋರು ಅಂದರೆ ರೌಡಿಗಳು ಅನ್ನೋ ಹೆಸರಿತ್ತು. 1992ರಲ್ಲಿ ಅದೇ ರಾಷ್ಟ್ರೀಯ ವಾದ್ಯ ಆಯ್ತು.

ಮಂಗಳವಾರ ನಡುರಾತ್ರಿಗೆ ಕಾರ್ನಿವಲ್ ಮುಗೀತು. ಮಾರನೇ ದಿನ ಕಾರು ಮಾಡಿಕೊಂಡು ಸ್ಯಾನ್ ಫರ್ನಾಂಡೊ ಕಡೆ ಹೊರಟೆ. ದಾರಿಯುದ್ದಕ್ಕೂ ಕಬ್ಬು ಹುಡುಕಿದೆ, ಕಾಣಲಿಲ್ಲ. ಸರ್ಕಾರಿ ಸಕ್ಕರೆ ಕಂಪನಿ 2003ರಲ್ಲೇ ಬಾಗಿಲು ಹಾಕಿದೆ. ಹೋಸೆ ಮಾತ್ರ ಪೋರ್ಟ್ ಆಫ್ ಸ್ಪೇನ್‌ನ ಸೇಂಟ್ ಜೇಮ್ಸ್‌ನಲ್ಲಿ ಈಗಲೂ ನಡೆಯುತ್ತೆ. ಅಲ್ಲಿ ತಾಷಾ ಬಾರಿಸೋರು ರಸ್ತೆ ಬದಿಯಲ್ಲಿ ಬೆಂಕಿ ಹಾಕ್ತಾರೆ. ಚರ್ಮವನ್ನ ಕಾಯಿಸಿ ಬಿಗಿ ಮಾಡ್ತಾರೆ, ನಮ್ಮ ಹಲಗೆಯವರ ಹಾಗೇ.