ಹೊರುವ ಮಾತು

ಚೆನ್ನೈನ ಕ್ರೋಂಪೇಟೆಗೆ ಟ್ರಾನ್ಸ್‌ಫರ್ ಆಗಿ ಬಂದ ದಿನ ಲಾರಿಯಿಂದ ಸಾಮಾನು ಇಳಿಸುತ್ತಿದ್ದವರಿಗೆ ಸುಮ್ಮನಿರಲಾರದೆ ಅವಸರ ಮಾಡಿದೆ. ಬೀರು ಬೆನ್ನಿಗೇರಿಸಿ ಮೂರನೇ ಮೆಟ್ಟಿಲಲ್ಲಿ ನಿಂತಿದ್ದ ಹಿರಿಯ ಹಮಾಲಿ ಉಸಿರು ಬಿಗಿಹಿಡಿದು, "ಕೊಂಜಂ ಪೊರುಂಗ ಸಾರ್" ಎಂದ. ಸ್ವಲ್ಪ ತಾಳಿ ಎಂದು. ನನಗೆ ಕೇಳಿಸಿದ್ದು 'ಹೊರಿ' ಎಂದು. ಹೊತ್ತಿರುವವನು ಅವನು, ನನಗೇಕಪ್ಪ ಹೊರಲು ಹೇಳುತ್ತಾನೆ?

ಕಿವಿ ಪೂರಾ ತಪ್ಪಿರಲಿಲ್ಲ. ತಮಿಳಿನ 'ಪೊರು', ಹಳಗನ್ನಡದ 'ಪೊಱು', ನಮ್ಮ 'ಹೊರು' ಒಂದೇ ಬೇರಿನವು. ಪಾಲು ಹಾಲಾದಂತೆ ಪೊರು ಹೊರು ಆಯಿತು. ನಾವು ಹೊಣೆ, ಹರಕೆ, ಅಪವಾದಗಳನ್ನೂ ಹೊತ್ತೆವು. ತಮಿಳಿನಲ್ಲಿ ಅದು ಸಹನೆಯಾಗಿ, ಕೊನೆಗೆ 'ಒಂದು ನಿಮಿಷ ಇರಿ' ಎನ್ನುವಷ್ಟು ಹಗುರಾಯಿತು.

ನನ್ನನ್ನು ಇಲ್ಲಿಗೆ ತಂದು ಹಾಕಿದ 'ಟ್ರಾನ್ಸ್‌ಫರ್' ಒಳಗೂ ಒಬ್ಬ ಹಮಾಲಿಯಿದ್ದಾನೆ. ಲ್ಯಾಟಿನ್ನಿನಲ್ಲಿ 'ಟ್ರಾನ್ಸ್' ಎಂದರೆ ಆಚೆಗೆ, 'ಫೆರ್ರೆ' ಎಂದರೆ ಹೊರುವುದು. ಸಹಿಸುವುದು ಎಂದೂ ಹೌದು. ಫೆರೋ ಹೊರುತ್ತೇನೆ, ಫೆರ್ಸ್ ಹೊರುತ್ತೀಯೆ, ಫೆರ್ತ್ ಹೊರುತ್ತಾನೆ. ನಮ್ಮಂತೆಯೇ ಪ್ರತ್ಯಯದಲ್ಲೇ ನಾನು, ನೀನು ಅಡಗಿರುತ್ತವೆ. ಆದರೆ 'ಹೊರುತ್ತಾಳೆ' ಎನ್ನಲೂ ಅದೇ ಫೆರ್ತ್.

ತಮಾಷೆಯಿರುವುದು ಭೂತಕಾಲದಲ್ಲಿ. ನಮ್ಮ 'ಹೊರು' 'ಹೊತ್ತೆ' ಆದಾಗ ಮೊದಲಕ್ಷರವಾದರೂ ಉಳಿಯುತ್ತದೆ. ಲ್ಯಾಟಿನ್ನಿನಲ್ಲಿ ಹೊತ್ತೆ ಎನ್ನಲು 'ತುಲಿ', ಹೊರಲಾದದ್ದು ಎನ್ನಲು 'ಲಾತುಂ'. ಇವೆರಡೂ ಬೇರೊಂದು ಧಾತುವಿನ ಮಕ್ಕಳು. ಫೆರೋ ಮನೆಗೆ ದತ್ತು ಬಂದವು. ಆದ್ದರಿಂದಲೇ ಟ್ರಾನ್ಸ್‌ಫರ್, ಟ್ರಾನ್ಸ್‌ಲೇಟ್ ಒಂದೇ ಕ್ರಿಯಾಪದದ ಎರಡು ರೂಪ. ಆಫರ್, ರೆಫರ್, ಫರ್ಟಿಲೈಸರ್ ಎಲ್ಲ ಫೆರೋ ಬಳಗ. ರಿಲೇಶನ್ ಲಾತುಂ ಕಡೆಯ ನಂಟು. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಮಾತ್ರ ನೆಂಟನಲ್ಲ. ಅದು 'ಫಾರ್ಮಾ', ಅಂದರೆ ಆಕಾರದ ಕಡೆಯದು.

ಆ ಎರಡು ಧಾತುಗಳೂ ನಮಗೆ ಹೊಸಬರಲ್ಲ. ಫೆರೋವಿನ ಒಡಹುಟ್ಟು ಸಂಸ್ಕೃತದ 'ಭೃ', ಅದರಿಂದ ಬಂತು ಭಾರ. ತುಲಿಯ ದಾಯಾದಿ 'ತುಲಾ', ತಕ್ಕಡಿ. ಎರಡನ್ನೂ ಕೂಡಿಸಿ ನೋಡಿ: ತುಲಾಭಾರ. ಹರಕೆ ಹೊತ್ತವರು ಉಡುಪಿಯಲ್ಲಿ ಮಗುವನ್ನು ಒಂದು ತಟ್ಟೆಯಲ್ಲಿ ಕೂರಿಸಿ ಇನ್ನೊಂದಕ್ಕೆ ಬೆಲ್ಲದಚ್ಚು ಪೇರಿಸುವಾಗ, ಲ್ಯಾಟಿನ್ ಮೇಷ್ಟ್ರು ಮಕ್ಕಳಿಂದ ಬಾಯಿಪಾಠ ಮಾಡಿಸುವ ಒರಟು ಕ್ರಿಯಾಪದ ಇಡಿಯಾಗಿ ಆ ಹೆಸರಿನಲ್ಲಿ ತೂಗುತ್ತಿರುತ್ತದೆ.

ಆದೇಶ ಬಂದ ವಾರದೊಳಗೆ ನನ್ನ ಟ್ರಾನ್ಸ್‌ಫರ್ ಮುಗಿಯಿತು. ಟ್ರಾನ್ಸ್‌ಲೇಟ್ ಆಗುವುದು ಇನ್ನೂ ನಡೆದಿದೆ. ಮೊನ್ನೆ ಬಾಗಿಲಲ್ಲಿ ಚಿಲ್ಲರೆಗೆ ತಡಕಾಡುತ್ತ, ನನಗೇ ತಿಳಿಯದಂತೆ "ಕೊಂಜಂ ಪೊರುಂಗಮ್ಮಾ" ಎಂದುಬಿಟ್ಟೆ. ಸೊಪ್ಪಿನಾಕೆ ತಲೆಮೇಲಿನ ಬುಟ್ಟಿ ಇಳಿಸದೆ ಹಾಗೇ ನಿಂತಳು.