ನೋಟೀಸಿನ ಚರಿತ್ರೆ: ವಾರಾಣಸಿಯಲ್ಲಿ ಹಕ್ಕುಗಳ ಕಾವಲು, ಆಡಳಿತ ಮತ್ತು ಪತ್ರಿಕೆ

ಕಾಶಿಗೂ ಕನ್ನಡ ನಾಡಿಗೂ ಇರುವ ಸಂಬಂಧವನ್ನು ಕುರಿತು ಬರೆಯುವವರು ಜಂಗಮವಾಡಿ ಮಠದಲ್ಲಿ ಉಳಿದುಬಂದಿರುವ ಮೊಘಲರ ಫರ್ಮಾನುಗಳಿಂದಲೋ ಗಂಗೆಯ ದಡದ ಕರ್ನಾಟಕ ಘಟ್ಟದಿಂದಲೋ ಆರಂಭಿಸುವುದು ವಾಡಿಕೆ. ಪ್ರಸ್ತುತ ಲೇಖನದಲ್ಲಿ ನಾವು ಎತ್ತಿಕೊಂಡಿರುವುದು ಬೇರೊಂದು ಬಗೆಯ ದಾಖಲೆಯನ್ನು. ಪ್ರಜೆಗಳ ಸಂಕಟವನ್ನು ಬರೆದು ಪ್ರಕಟಿಸಿದವರಿಗೆ ಆಡಳಿತವು ಕಳುಹಿಸುವ ನೋಟೀಸು ಆ ದಾಖಲೆ. ಅದಕ್ಕೂ ಒಂದು ಚರಿತ್ರೆಯುಂಟು. ವಾರಾಣಸಿಯಲ್ಲಿ ಆ ಚರಿತ್ರೆ ಶತಮಾನದಷ್ಟು ಉದ್ದವಾಗಿದೆ.

ಶಿವಪ್ರಸಾದ ಗುಪ್ತರು 1920ರಲ್ಲಿ ಈ ನಗರದಿಂದ ಹೊರಡಿಸಿದ ‘ಆಜ್’ ದಿನಪತ್ರಿಕೆಯು ಬಾಬೂರಾವ್ ವಿಷ್ಣು ಪರಾಡಕರರ ಸಂಪಾದಕತ್ವದಲ್ಲಿ ಹಿಂದೀ ಪತ್ರಿಕಾವೃತ್ತಿಗೆ ಮಾದರಿಯಾಯಿತು. 1930ರ ಪತ್ರಿಕಾ ಸುಗ್ರೀವಾಜ್ಞೆಯ ಕಾಲದಲ್ಲಿ ಅದು ಪ್ರಕಟಣೆಯನ್ನು ನಿಲ್ಲಿಸಬೇಕಾಗಿ ಬಂದಾಗ ‘ರಣಭೇರಿ’ ಎಂಬ ಪತ್ರವು ನಗರದಲ್ಲಿ ಗುಪ್ತವಾಗಿ ಹೊರಬಂದಿತು. ಮೈಸೂರು ಸಂಸ್ಥಾನದ 1908ರ ಪತ್ರಿಕಾ ಶಾಸನದ ವಿರುದ್ಧ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದ್ದನ್ನು ಬಲ್ಲ ಕನ್ನಡಿಗರಿಗೆ ಈ ಸನ್ನಿವೇಶ ಅಪರಿಚಿತವಲ್ಲ. ವ್ಯತ್ಯಾಸವಿಷ್ಟೆ: ಮೈಸೂರಿನಲ್ಲಿ ಮೌನವೇ ಪ್ರತಿಭಟನೆಯಾಯಿತು, ಕಾಶಿಯಲ್ಲಿ ಅಚ್ಚುಮನೆ ನೆಲಮಾಳಿಗೆಗೆ ಇಳಿಯಿತು.

ಪತ್ರಿಕೆಯಿಂದ ಬೇರೆಯಾಗಿ, ಪೌರಹಕ್ಕುಗಳನ್ನು ಕಾಯುವುದಕ್ಕೆಂದೇ ಒಂದು ಸಂಘವಿರಬೇಕೆಂಬ ವಿಚಾರ ದೇಶಮಟ್ಟದಲ್ಲಿ ರೂಪುಗೊಂಡುದು 1936ರಲ್ಲಿ. ಜವಾಹರಲಾಲ್ ನೆಹರೂ ಅವರ ಪ್ರೇರಣೆಯಿಂದ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ಪೌರಸ್ವಾತಂತ್ರ್ಯ ಸಂಘಕ್ಕೆ ರವೀಂದ್ರನಾಥ ಠಾಕೂರರು ಅಧ್ಯಕ್ಷರಾಗಿದ್ದರು. ಮರುವರ್ಷವೇ ಪ್ರಾಂತಗಳಲ್ಲಿ ಕಾಂಗ್ರೆಸ್ ಸರ್ಕಾರಗಳು ಬಂದುವು. ಮದರಾಸಿನಲ್ಲಿ ರಾಜಾಜಿಯವರ ಮಂತ್ರಿಮಂಡಲವು ಸಮಾಜವಾದಿ ನಾಯಕ ಬಾಟ್ಲಿವಾಲಾ ಅವರ ಮೇಲೆ ರಾಜದ್ರೋಹದ ವಿಧಿಯನ್ನು ಹೂಡಿದಾಗ, ಸಂಘವನ್ನು ಕಟ್ಟಿದವರಿಗೇ ಅದರ ಮಾತು ಮುಜುಗರದ್ದಾಯಿತು. ಕಾವಲುಗಾರನನ್ನು ನೇಮಿಸಿದವನು ಮನೆಯ ಯಜಮಾನನಾದೊಡನೆ ಕಾವಲುಗಾರನ ದೀಪ ಕಣ್ಣಿಗೆ ಚುಚ್ಚುತ್ತದೆ. ಇದನ್ನು ಒಂದು ಪಕ್ಷದ ದೋಷವೆಂದು ಬಗೆಯುವುದು ಚರಿತ್ರೆಯನ್ನು ಕಿರಿದುಗೊಳಿಸಿದಂತೆ.

ಮಾನವ ಹಕ್ಕುಗಳ ರಕ್ಷಣಾ ಅಧಿನಿಯಮ 1993ರಲ್ಲಿ ಜಾರಿಗೆ ಬಂದು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪಿತವಾದ ಮೇಲೆ ಚಿತ್ರ ಬದಲಾಯಿತು. ಸ್ಥಳೀಯ ಸಂಘಗಳಿಗೆ ದೂರು ಸಲ್ಲಿಸುವುದಕ್ಕೆ ದೆಹಲಿಯಲ್ಲಿ ಒಂದು ವಿಳಾಸ ದೊರೆಯಿತು. ಕನ್ನಡ ನಾಡಿನವರಾದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು 1996ರಲ್ಲಿ ಆಯೋಗದ ಅಧ್ಯಕ್ಷರಾದರು. ಪೊಲೀಸ್ ಎನ್‌ಕೌಂಟರುಗಳಲ್ಲಿ ಸಾವು ಸಂಭವಿಸಿದರೆ ಅನುಸರಿಸತಕ್ಕ ಕ್ರಮವನ್ನು ಕುರಿತು ಅವರು 1997ರ ಮಾರ್ಚಿಯಲ್ಲಿ ಮುಖ್ಯಮಂತ್ರಿಗಳಿಗೆ ಬರೆದ ಪತ್ರ ಇಂದಿಗೂ ಉಲ್ಲೇಖಾರ್ಹ. ಅದೇ 1996ರಲ್ಲಿ ವಾರಾಣಸಿಯಲ್ಲಿ ಲೆನಿನ್ ರಘುವಂಶಿ ಮತ್ತು ಶ್ರುತಿ ನಾಗವಂಶಿ ಅವರು ಮಾನವಾಧಿಕಾರ ಜನ ನಿಗರಾನಿ ಸಮಿತಿಯನ್ನು ಸ್ಥಾಪಿಸಿದರು. ಇಟ್ಟಿಗೆಗೂಡುಗಳಲ್ಲಿ ದುಡಿಯುವ ಮುಸಹರರು, ಮಗ್ಗ ನಿಂತುಹೋದ ನೇಕಾರರು, ಪೊಲೀಸ್ ಠಾಣೆಯಲ್ಲಿ ಏಟು ತಿಂದವರು ಈ ಸಮಿತಿಯ ಕ್ಷೇತ್ರ.

ಸಮಿತಿಯ ಒಂದು ಕ್ರಮದ ಬಗ್ಗೆ ಸಂಶೋಧಕರು ವಿಶೇಷ ಗಮನ ಹರಿಸಬೇಕೆಂದು ನಮ್ಮ ಅಭಿಪ್ರಾಯ. ಡೆನ್ಮಾರ್ಕಿನ ತಜ್ಞರ ಸಹಯೋಗದಲ್ಲಿ ಅದು ಕೈಗೊಂಡ ಸಾಕ್ಷ್ಯಕಥನ ಚಿಕಿತ್ಸೆಯಲ್ಲಿ, ಹಿಂಸೆಗೊಳಗಾದವರು ತಮ್ಮ ಅನುಭವವನ್ನು ಹೇಳುತ್ತಾರೆ. ಅದನ್ನು ಬರೆದುಕೊಂಡು, ಅವರಿಗೇ ಓದಿ ತೋರಿಸಿ, ತಿದ್ದಿಸಿ, ಬಳಿಕ ಊರವರ ಸಮ್ಮುಖದಲ್ಲಿ ಗೌರವಪೂರ್ವಕವಾಗಿ ಓದಿ ಒಪ್ಪಿಸಲಾಗುತ್ತದೆ. ಉದ್ದೇಶ ಮನಸ್ಸಿನ ಚೇತರಿಕೆಯಾದರೂ, ಹುಟ್ಟಿಕೊಳ್ಳುವುದು ಒಂದು ಪರ್ಯಾಯ ದಫ್ತರ. ಠಾಣೆಯ ಕಡತದಲ್ಲಿ ಆರೋಪಿಯಾಗಿ ಮಾತ್ರ ಕಾಣಿಸಿಕೊಳ್ಳುವ ವ್ಯಕ್ತಿ ಇಲ್ಲಿ ನಿರೂಪಕನಾಗುತ್ತಾನೆ.

ಇದಕ್ಕೆ ಸರ್ಕಾರದ ಪ್ರತಿಕ್ರಿಯೆ ಎಂತಹದು? ಬಹುಮಟ್ಟಿಗೆ ಅದು ವಿರೋಧವೂ ಅಲ್ಲ, ಒಂದು ಸುತ್ತುದಾರಿ. ಆಯೋಗಕ್ಕೆ ಹೋದ ದೂರು ವರದಿಗಾಗಿ ರಾಜ್ಯಕ್ಕೆ ಬರುತ್ತದೆ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಎಷ್ಟೋ ಸಲ ಯಾವ ಠಾಣೆಯ ಮೇಲೆ ದೂರಿದೆಯೋ ಅದೇ ಠಾಣೆಗೆ. ಆಯೋಗಕ್ಕಿರುವುದು ಶಿಫಾರಸಿನ ಅಧಿಕಾರ ಮಾತ್ರ. ಕಾಗದ ಗಾಣದೆತ್ತಿನಂತೆ ಸುತ್ತುತ್ತದೆ. ಎರಡನೆಯ ಬಗೆಯ ಪ್ರತಿಕ್ರಿಯೆಯೆಂದರೆ ಶಬ್ದದ ಮೇಲಿನ ತಕರಾರು. ನೇಕಾರರ ಸಾವುಗಳನ್ನು ಸಂಘಗಳು ಹಸಿವಿನ ಸಾವೆಂದಾಗ, ಆಡಳಿತ ಅವನ್ನು ಕಾಯಿಲೆಯ ಸಾವೆಂದಿತು. ಕ್ಷಯ ಬಂದುದು ನಿಜವಿರಬಹುದು; ಹಸಿದ ಮೈಗೆ ಕ್ಷಯ ಬೇಗ ಅಂಟುವುದೂ ನಿಜ.

ಈ ಶಬ್ದದ ತಕರಾರು ಅತ್ಯಂತ ಸ್ಪಷ್ಟವಾಗಿ ಕಾಣುವುದು 2020ರ ಮಾರ್ಚಿಯಲ್ಲಿ. ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ಮರುದಿನ, 26ರಂದು, ವಾರಾಣಸಿಯ ‘ಜನಸಂದೇಶ್ ಟೈಮ್ಸ್’ ಪತ್ರಿಕೆಯು ಕೋಯಿರೀಪುರದ ಮುಸಹರ ಮಕ್ಕಳು ಹಸಿವಿನಿಂದ ಹುಲ್ಲು ತಿನ್ನುತ್ತಿದ್ದಾರೆಂದು ಚಿತ್ರಸಹಿತ ವರದಿ ಮಾಡಿತು. ಮುಸಹರರ ಕೇರಿಗೆ ಪಡಿತರ ಹೋಯಿತು. ಪತ್ರಿಕೆಗೆ ಜಿಲ್ಲಾಧಿಕಾರಿಗಳ ನೋಟೀಸು ಬಂದಿತು. ಮಕ್ಕಳು ತಿಂದುದು ಹುಲ್ಲಲ್ಲ, ಅಂಕರಿಯ ಕಾಳು ಎಂಬುದು ನೋಟೀಸಿನ ವಾದ. ತಾವೂ ತಮ್ಮ ಮಗನೂ ಅದನ್ನು ತಿನ್ನುತ್ತಿರುವ ಚಿತ್ರವನ್ನೂ ಅವರು ಪ್ರಕಟಿಸಿದರು. ಅಂಕರಿ ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೆಯುವ, ದನಗಳಿಗೆ ಮೇವಾಗುವ ಸಸ್ಯ. ಸಸ್ಯಶಾಸ್ತ್ರದ ದೃಷ್ಟಿಯಿಂದ ಅದು ಹುಲ್ಲಲ್ಲ, ದ್ವಿದಳವೆಂಬುದನ್ನು ಒಪ್ಪೋಣ. ಮಕ್ಕಳು ಅದನ್ನು ತಿನ್ನುತ್ತಿದ್ದರೆಂಬುದರಲ್ಲಿ ಎರಡು ಕಡೆಯವರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಪಡಿತರವು ವರದಿಯ ಸತ್ಯವನ್ನು ಮೌನವಾಗಿ ಒಪ್ಪಿತು, ನೋಟೀಸು ಅದನ್ನು ಬಾಯಿಬಿಟ್ಟು ನಿರಾಕರಿಸಿತು. ಈ ಜೋಡಿ ಉತ್ತರವೇ ನಮ್ಮ ಕಾಲದ ಆಡಳಿತದ ಸ್ವಭಾವವನ್ನು ಅರಿಯಲು ಕೀಲಿಕೈ.

ಇದಕ್ಕೆ ಪೂರ್ವನಿದರ್ಶನ ನೆರೆಯ ಮಿರ್ಜಾಪುರದಲ್ಲಿದೆ. 2019ರ ಆಗಸ್ಟಿನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮಕ್ಕಳಿಗೆ ರೊಟ್ಟಿ ಮತ್ತು ಉಪ್ಪನ್ನು ಮಾತ್ರ ಬಡಿಸಿದುದನ್ನು ವರದಿಗಾರ ಪವನ್ ಜೈಸ್ವಾಲ್ ಚಿತ್ರೀಕರಿಸಿದರು. ಮೊದಲು ಹೊಣೆಗಾರರು ಅಮಾನತುಗೊಂಡರು, ಅನಂತರ ವರದಿಗಾರರ ಮೇಲೆಯೇ ಒಳಸಂಚಿನ ಮೊಕದ್ದಮೆ ದಾಖಲಾಯಿತು. ಮುದ್ರಣ ಪತ್ರಿಕೆಯವರು ವಿಡಿಯೊ ತೆಗೆದದ್ದೇಕೆಂದು ಜಿಲ್ಲಾಡಳಿತ ಆಕ್ಷೇಪಿಸಿತು. ವೃತ್ತಿಧರ್ಮದ ಮೇಲೆ ಸರ್ಕಾರ ಬರೆದ ಇಂತಹ ಭಾಷ್ಯ ವಿರಳ. ಆ ವರ್ಷದ ಡಿಸೆಂಬರಿನಲ್ಲಿ ಪೊಲೀಸರು ಅವರನ್ನು ಆರೋಪಮುಕ್ತಗೊಳಿಸಿದರು. 2022ರಲ್ಲಿ ಅವರು ಕ್ಯಾನ್ಸರಿನಿಂದ ತೀರಿಕೊಂಡರು. 2020ರ ಜೂನಿನಲ್ಲಿ ಪ್ರಧಾನಿಯವರು ದತ್ತು ತೆಗೆದುಕೊಂಡಿದ್ದ ಡೋಮರಿ ಗ್ರಾಮದ ಹಸಿವನ್ನು ಕುರಿತು ಬರೆದ ಪತ್ರಕರ್ತೆ ಸುಪ್ರಿಯಾ ಶರ್ಮಾ ಅವರ ಮೇಲೆ ರಾಮನಗರ ಠಾಣೆಯಲ್ಲಿ ಮೊಕದ್ದಮೆ ದಾಖಲಾಯಿತು. ಅಲಹಾಬಾದ್ ಉಚ್ಚ ನ್ಯಾಯಾಲಯ ಬಂಧನದಿಂದ ರಕ್ಷಣೆ ನೀಡಿತು, ತನಿಖೆಯನ್ನು ತಡೆಯಲಿಲ್ಲ.

ಇಷ್ಟರಿಂದ ಪತ್ರಿಕೆಗಳೆಲ್ಲ ಸಂಘಗಳ ಪಕ್ಷದಲ್ಲಿವೆಯೆಂದು ತಿಳಿಯಬಾರದು. ಸರ್ಕಾರಿ ಜಾಹೀರಾತನ್ನು ನೆಚ್ಚಿದ ಜಿಲ್ಲಾ ಆವೃತ್ತಿಗಳಿಗೆ ಪೊಲೀಸ್ ಹೇಳಿಕೆ ಸುಲಭವಾಗಿ ದೊರೆಯುವ ಸುದ್ದಿ. ಕನ್ನಡ ಪತ್ರಿಕೆಗಳೂ ಹೊರತಲ್ಲ. ವೀರಪ್ಪನ್ ಕಾರ್ಯಾಚರಣೆಯಲ್ಲಿ ಕರ್ನಾಟಕ–ತಮಿಳುನಾಡು ಕಾರ್ಯಪಡೆ ಗಡಿಯ ಹಳ್ಳಿಗರ ಮೇಲೆ ನಡೆಸಿದ ದೌರ್ಜನ್ಯಗಳ ವಿಚಾರಣೆಗೆ ಆಯೋಗವು 1999ರಲ್ಲಿ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನು ನೇಮಿಸಿತು. ಮರುವರ್ಷ ರಾಜಕುಮಾರರ ಅಪಹರಣದ 108 ದಿನಗಳಿಗೆ ದೊರೆತ ಪುಟಗಳಲ್ಲಿ ಅಲ್ಪಾಂಶವೂ ಈ ಹಳ್ಳಿಗರ ಸಾಕ್ಷ್ಯಕ್ಕೆ ದೊರೆಯಲಿಲ್ಲ. ಸಮಿತಿಯ ವರದಿ ಬಂದುದು 2003ರಲ್ಲಿ. 89 ಮಂದಿಗೆ 2.80 ಕೋಟಿ ರೂಪಾಯಿಗಳ ಮಧ್ಯಂತರ ಪರಿಹಾರಕ್ಕೆ ಆಯೋಗ ಶಿಫಾರಸು ಮಾಡಿದುದು 2007ರಲ್ಲಿ.

ಇನ್ನು ಬೆಂಗಳೂರಿನದೇ ಒಂದು ಪ್ರಸಂಗ. 2016ರ ಆಗಸ್ಟಿನಲ್ಲಿ ಕಾಶ್ಮೀರದ ಕುಟುಂಬಗಳ ಕುರಿತ ಸಭೆಯೊಂದರ ನಿಮಿತ್ತ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಇಂಡಿಯಾದ ಮೇಲೆ ರಾಜದ್ರೋಹದ ಮೊಕದ್ದಮೆ ದಾಖಲಾದಾಗ ವಾಹಿನಿಗಳು ದಿನಗಟ್ಟಲೆ ಆ ಶಬ್ದವನ್ನೇ ಮೊಳಗಿಸಿದುವು. 2019ರಲ್ಲಿ ಮೊಕದ್ದಮೆ ಮುಕ್ತಾಯವಾದುದು ಅಷ್ಟು ಸದ್ದಾಗಲಿಲ್ಲ. ಅಷ್ಟರೊಳಗೆ, 2018ರ ಅಕ್ಟೋಬರಿನಲ್ಲಿ, ಜಾರಿ ನಿರ್ದೇಶನಾಲಯ ಅದರ ಬೆಂಗಳೂರು ಕಚೇರಿಯನ್ನು ಶೋಧಿಸಿತ್ತು. 2020ರ ಸೆಪ್ಟೆಂಬರಿನಲ್ಲಿ ಸಂಸ್ಥೆ ಭಾರತದಲ್ಲಿ ತನ್ನ ಕೆಲಸವನ್ನು ನಿಲ್ಲಿಸಿತು. ಅದಕ್ಕೆ ಅದು ಕೊಟ್ಟ ಕಾರಣ ರಾಜದ್ರೋಹದ ಆರೋಪವಲ್ಲ, ಸ್ತಂಭನಗೊಂಡ ಬ್ಯಾಂಕ್ ಖಾತೆಗಳು.